ನಾಲ್ಕು ಬೆರಳಿನ ತುಂಡು

ಮಂಜಗುಣಿಯ ಹೊನ್ನಮ್ಮ ಯಾರನ್ನೂ ಸುಮ್ಮಸುಮ್ಮನೆ ನಂಬಿದವಳಲ್ಲ. ಹಾಲು ತಂದವನ ಎದುರೇ ಹಾಲಿಗೆ ಬೆರಳದ್ದಿ ನೋಡುವಳು. ಮೀನಿನವಳು ಬಂಗಡೆಯ ಕಿವಿರು ಬಿಡಿಸಿ ತೋರಿಸಿದರೆ, "ಕೆಂಪು ಹಚ್ಕಂಡು ಬಂದೀಯನೆ?" ಎಂದು ಕೇಳುವಳು. ಎರಡು ವರ್ಷದ ಹಿಂದೆ ಮಗ ನಾಗೇಶ ಅವಳ ಸೊಂಟನೋವಿಗೆಂದು ಅಂಕೋಲೆಯಿಂದ ಮಂಚ ತರಿಸಿದ್ದ. ಇದರ ಮೇಲೆ ಮಲಗಿಸಿ ತನ್ನನ್ನು ಮೂಲೆಗೆ ಹಾಕುವ ಹೂಟ ಇದು ಎಂದುಕೊಂಡವಳು ಅದನ್ನು ಬಂದ ಟೆಂಪೋದಲ್ಲೇ ವಾಪಸು ಕಳಿಸಿದಳು. ಬಾಯಲ್ಲಿ ಹೇಳಿದ್ದು ಮಾತ್ರ ಬೇರೆ. "ನಂಗೆಂತಕ್ಕೆ ಮಂಚ? ಇನ್ನೆಷ್ಟು ದಿನ ಇರೂದು ನಾನು?" ಅವಳಿಗೆಂದು ಏನು ತಂದರೂ ಇದೇ ಮಾತು. ಚಪ್ಪಲಿ ತಂದರೂ ಇನ್ನೆಷ್ಟು ದಿನ, ಕಂಬಳಿ ತಂದರೂ ಇನ್ನೆಷ್ಟು ದಿನ. ವಯಸ್ಸು ಅರವತ್ತಾರು, ಅಡಿಕೆ ಕಡಿಯುವ ಹಲ್ಲು ಎಲ್ಲ ಗಟ್ಟಿಯಿದ್ದವು.

ಇಂಥವಳ ಮನೆಯಲ್ಲಿ ಹೊಸ ಅಡುಗೆಕೋಣೆ ಮಾಡಿಸುವುದೆಂದರೆ ತಮಾಷೆಯ ಮಾತಲ್ಲ. ನಾಗೇಶ ಕರೆಂಟಿನ ಲೈನ್‌ಮನ್, ಅವನ ಹೆಂಡತಿ ಯಶೋದಾ ಊರಿನ ಅಂಗನವಾಡಿ ಟೀಚರ್. ಇಬ್ಬರೂ ಬೆಳಿಗ್ಗೆ ಮನೆ ಬಿಡುವವರು. ಹಳೆಯ ಅಡುಗೆಮನೆಯ ಮಾಡು ಸೋರಿ ಸೋರಿ ಸಾಕಾಗಿ ಹಿತ್ತಿಲ ಕಡೆ ಚಿರೇಕಲ್ಲಿನ ಹೊಸ ಕೋಣೆ ಎಬ್ಬಿಸಿದ್ದರು. ಗಾರೆ ಒಣಗಿತ್ತು, ಗಂಗಾವಳಿ ಹೊಳೆ ಕಾಣುವ ಹಾಗೆ ದೊಡ್ಡ ಕಿಟಕಿಯೂ ಕೂತಿತ್ತು. ಒಳಗೆ ಏನು ಕೂಡಿಸಬೇಕು ಎಂಬಲ್ಲಿ ಮಾತ್ರ ಗಾಡಿ ನಿಂತಿತ್ತು. ಯಶೋದಾಳಿಗೆ ಮಾಡ್ಯುಲರ್ ಕಿಚನ್ ಬೇಕು. ಆರು ತಿಂಗಳಿಂದ ಮೊಬೈಲಿನಲ್ಲಿ ಅದರದ್ದೇ ಚಿತ್ರ ನೋಡುತ್ತಿದ್ದಳು. ನಾಗೇಶನಿಗೂ ಅದೇ ಸೈ, ಯಾಕೆಂದರೆ ಎರಡು ದಿನದಲ್ಲಿ ಕೂಡಿಸಿ ಹೋಗುತ್ತಾರಂತೆ. ಹೊನ್ನಮ್ಮನಿಗೆ ಏನು ಬೇಕೆಂದು ಕೇಳಿದರೆ, "ನಂಗೇನೂ ಬೇಡ."

ಆದರೆ ಬೇಕಿತ್ತು. ನಲವತ್ತೇಳು ವರ್ಷ ಅವಳು ಗೇಣೆತ್ತರದ ಮಣೆಯ ಮೇಲೆ ಕೂತೇ ಅಡುಗೆ ಮಾಡಿದವಳು. ಸೊಂಟ ಹಿಡಿದ ಮೇಲೆ ಹತ್ತು ನಿಮಿಷ ನಿಂತರೆ ಎಡಗಾಲು ಜೋಮು ಹಿಡಿಯುತ್ತಿತ್ತು. ಕೂತಳೆಂದರೆ ಮಾತ್ರ ಈಳಿಗೆಮಣೆಯೇನು, ಒಲೆಯೇನು, ಕಡೆಯುವ ಕಲ್ಲೇನು, ಎಲ್ಲ ಕೈಯಳತೆಯಲ್ಲೇ. ಹೊಳೆಯ ಬಳಚಿನ ಚಿಪ್ಪು ಬಿಡಿಸಿ ಅವಳ ಹಾಗೆ ಸಾರು ಮಾಡುವವರು ಊರಲ್ಲಿಲ್ಲ. ಇದನ್ನು ಅವಳೇ ಹೇಳಿಕೊಳ್ಳುತ್ತಿದ್ದಳು ನಿಜ, ಊರವರೂ ಇಲ್ಲ ಅಂದಿರಲಿಲ್ಲ. ನಿಂತು ಮಾಡುವ ಅಡುಗೆಮನೆ ಬಂತೆಂದರೆ ಅವಳಿಗೆ ಅಲ್ಲಿ ಕೆಲಸವಿಲ್ಲ. ಅಡುಗೆಮನೆಯಲ್ಲಿ ಕೆಲಸವಿಲ್ಲದ ಮುದುಕಿ ಮನೆಯಲ್ಲಿ ಎಲ್ಲಿರಬೇಕು ಎಂಬುದಕ್ಕೆ ನೆರೆಮನೆಯ ಸುಬ್ಬಿ ಕಣ್ಣೆದುರೇ ಇದ್ದಳು.

"ನಂಗೀಗ ಚಾ ಜಗಲಿಗೇ ಬರ್ತದೆ ಹೊನ್ನಕ್ಕ," ಎಂದಿದ್ದಳು ಸುಬ್ಬಿ. ಅವಳ ಮನೆಯಲ್ಲಿ ಕಳೆದ ವರ್ಷವೇ ಹೊಳೆಯುವ ಅಡುಗೆಮನೆ ಆಗಿತ್ತು. "ನೆಂಟರಿಗೆ ಕೊಟ್ಟಂಗೆ ತಟ್ಟೇಲಿ ಇಟ್ಟು ತರ್ತಾರೆ. ಒಳಗೆ ಕಾಲಿಟ್ರೆ, 'ಎಂತ ಬೇಕಿತ್ತು ಅತ್ತೆ?' ಅಂತಾರೆ. ನಾ ಸೊಸೆಯಾಗಿ ಬಂದ ಮನೇಲಿ ನಂಗೇ ಎಂತ ಬೇಕಿತ್ತು ಅಂತ ಕೇಳ್ತಾರೆ."

ಈ ಮಾತು ಹೊನ್ನಮ್ಮನ ಹೊಟ್ಟೆಯೊಳಗೆ ಇಳಿದು ಕೂತುಬಿಟ್ಟಿತ್ತು.

ಒಂದು ಶನಿವಾರ ಮೂವರೂ ಬಸ್ಸು ಹತ್ತಿ ಕಾರವಾರಕ್ಕೆ ಹೋದರು. ಹೊನ್ನಮ್ಮನನ್ನು ಯಾರೂ ಒತ್ತಾಯ ಮಾಡಿರಲಿಲ್ಲ. ತಾನಿಲ್ಲದಾಗ ಏನು ಮಾತಾಡಿಕೊಳ್ಳುತ್ತಾರೋ ಎಂದು ಅವಳೇ ಹೊರಟಿದ್ದಳು. ಮಾಡ್ಯುಲರ್ ಕಿಚನ್ನಿನ ಅಂಗಡಿಯಲ್ಲಿ ದೀಪಾಲಿ ಎಂಬ ಹುಡುಗಿ, "ಬನ್ನಿ ಆಯಿ, ಕೂತ್ಕೊಳ್ಳಿ," ಎಂದು ತಂಪು ನೀರು ಕೊಟ್ಟಳು. ಕೇಳದೆ ನೀರು ಕೊಡುವವರ ಮೇಲೆ ಹೊನ್ನಮ್ಮನಿಗೆ ಮೊದಲೇ ಗುಮಾನಿ. ಅವಳು ಲೋಟ ಮುಟ್ಟಲಿಲ್ಲ.

ದೀಪಾಲಿ ಲ್ಯಾಪ್‌ಟಾಪ್ ತಿರುಗಿಸಿ ಅವರದ್ದೇ ಹೊಸ ಕೋಣೆಯ ಚಿತ್ರ ತೋರಿಸಿದಳು. ನಾಗೇಶ ಕಳಿಸಿದ ಅಳತೆಗೆ ಸರಿಯಾಗಿ ಗೋಡೆ, ಕಿಟಕಿ, ಕಿಟಕಿಯ ಕೆಳಗೆ ಉದ್ದಕ್ಕೆ ಕಟ್ಟೆ, ಕಟ್ಟೆಯ ಕೆಳಗೆ ಸಾಲು ಸಾಲು ಬಾಗಿಲು. ಹೊನ್ನಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಅಲ್ಲಿ ಎಲ್ಲದಕ್ಕೂ ಒಂದೊಂದು ಜಾಗವಿತ್ತು. ತಟ್ಟೆಗೆ ಒಂದು, ಚಮಚಕ್ಕೆ ಒಂದು, ಎಣ್ಣೆ ಬಾಟಲಿಗೆ ಒಂದು. ಕಸದ ಬುಟ್ಟಿಗೂ ಒಂದು ಬಾಗಿಲು ಮಾಡಿದ್ದರು.

"ನಾ ಎಲ್ಲಿ ಕೂತ್ಕಳೂದು?" ಎಂದು ಕೇಳಿದಳು.

ದೀಪಾಲಿ ನಕ್ಕಳು. ಕೆಟ್ಟ ನಗುವಲ್ಲ ಅದು, ಚೆಂದದ ಹುಡುಗಿ, ಚೆಂದವಾಗಿಯೇ ನಕ್ಕಳು. "ನೀವ್ಯಾಕೆ ಅಡುಗೆಮನೇಲಿ ಕೂತ್ಕೊಳ್ಳೂದು ಆಯಿ? ನೀವು ಹಾಲ್‌ನಲ್ಲಿ ಆರಾಮ ಟಿವಿ ನೋಡ್ತಾ ಇರಿ. ಸೊಸೆ ಮಾಡಿ ತಂದ್ಕೊಡ್ತಾರೆ."

ಸುಬ್ಬಿಯ ಜಗಲಿ, ಸುಬ್ಬಿಯ ಚಾ. ಅವಳು ಯಶೋದಾಳ ಮುಖ ನೋಡಿದಳು. ಯಶೋದಾ ತಲೆ ತಗ್ಗಿಸಿ ಕೂತಿದ್ದಳು. ಓಹೋ, ಹುಡುಗಿಗೆ ಮೊದಲೇ ಹೇಳಿಕೊಟ್ಟಿದ್ದಾಳೆ, ಈಗ ಮುಖ ಎತ್ತುವುದಕ್ಕಾಗುತ್ತಿಲ್ಲ ಎಂದುಕೊಂಡಳು ಹೊನ್ನಮ್ಮ.

ಸಿಟ್ಟೆಲ್ಲ ಮೇಜಿನ ಮೇಲಿದ್ದ ಹಲಗೆಯ ತುಂಡಿನ ಮೇಲೆ ತಿರುಗಿತು. ಅದನ್ನೆತ್ತಿ ಅಂಚನ್ನು ಉಗುರಿನಿಂದ ಕೆರೆದಳು. "ಇದು ಮರವಾ?"

"ಮರದ್ದೇ ಆಯಿ. ಪುಡಿ ಮಾಡಿ ಒತ್ತಿದ್ದು."

"ಇದ್ದ ಮರಾನ ಪುಡಿ ಮಾಡಿ ಮತ್ತೆ ಮರ ಮಾಡೂದು ಎಂತಕ್ಕೆ? ನಮ್ಮಲ್ಲಿ ಉಪ್ಪುಗಾಳಿ. ಇದು ಉಳೀತದನಾ?"

"ಹತ್ತು ವರ್ಷ ವಾರಂಟಿ ಕೊಡ್ತೇವೆ."

"ಹತ್ತು ವರ್ಷ ಆದ್ಮೇಲೆ?"

ದೀಪಾಲಿ ಅದಕ್ಕೂ ನಕ್ಕಳು. ಹೊನ್ನಮ್ಮನಿಗೆ ಅಷ್ಟು ಸಾಕಾಯಿತು.

ಮೂರನೆಯ ದಿನ ಹೊನ್ನಮ್ಮ ಹಿತ್ತಿಲಲ್ಲಿ ಬಸಳೆ ಕೊಯ್ಯುತ್ತಿದ್ದಾಗ ಗೋಡೆಯ ಆಚೆ ಯಶೋದಾ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಬೇರೆಯವರಾಗಿದ್ದರೆ ದೂರ ಹೋಗುತ್ತಿದ್ದರು. ಹೊನ್ನಮ್ಮ ಎರಡು ಹೆಜ್ಜೆ ಹತ್ತಿರ ಹೋದಳು.

"ಹಂಗಾರೆ ನೀವೇ ಬನ್ನಿ ಪ್ರಕಾಶಣ್ಣ," ಎನ್ನುತ್ತಿದ್ದಳು ಯಶೋದಾ. "ಅತ್ತೆಗೆ ಈಗ್ಲೇ ಎಂತದೂ ಹೇಳೂದು ಬೇಡ. ಗೊತ್ತಾದ್ರೆ ಎಲ್ಲಾ ಕೆಡ್ತದೆ."

ಅಂದು ಸಂಜೆ ಊಟಕ್ಕೆ ಕೂತಾಗ ಯಶೋದಾ ತಣ್ಣಗೆ ಹೇಳಿದಳು. ಕಾರವಾರದ್ದು ಬೇಡ. ಅಂಕೋಲೆಯ ಪ್ರಕಾಶ ಆಚಾರಿಯ ಕೈಯಲ್ಲಿ ಮಾಡಿಸೋಣ, ಅಟ್ಟದ ಮೇಲೆ ಹಲಸಿನ ಹಲಗೆಗಳಿವೆಯಲ್ಲ.

"ಆರು ತಿಂಗಳಿಂದ ಮಾಡ್ಯುಲರ್ ಮಾಡ್ಯುಲರ್ ಅಂತ ನನ್ನ ತಲೆ ತಿಂದವಳು ನೀನೇ ಅಲ್ವಾ?" ಎಂದ ನಾಗೇಶ.

"ಈಗ ಬೇಡ ಅನ್ನಿಸ್ತು."

ಹೊನ್ನಮ್ಮ ಅನ್ನ ಕಲಸುತ್ತಲೇ ಇದ್ದಳು. ಒಳಗೆ ಮಾತ್ರ ಲೆಕ್ಕ ಓಡುತ್ತಿತ್ತು. ಆರು ತಿಂಗಳ ಆಸೆ ಮೂರು ದಿನದಲ್ಲಿ ಸತ್ತುಹೋಗುತ್ತದೆಯೇ? ಈ ಪ್ರಕಾಶ ಆಚಾರಿ ಯಾರು? ಅಂಗಡಿ ಅಂಕೋಲೆಯಲ್ಲಿದ್ದರೂ ಅವನು ಹಣಕೋಣದವನು, ಯಶೋದಾಳ ತವರೂರಿನವನು. ಹಲಸಿನ ಹಲಗೆ ಯಾರವು? ಹೊನ್ನಮ್ಮನ ಗಂಡ ಹುಲಿಯಾ ಬದುಕಿದ್ದಾಗ, ಬಿದ್ದ ಹಿತ್ತಿಲ ಮರ ಕೊಯ್ಯಿಸಿ, "ಮುಂದೆ ಬೇಕಾಗ್ತದೆ" ಎಂದು ಅಟ್ಟಕ್ಕೆ ಹಾಕಿದ್ದವು. ಹನ್ನೊಂದು ಹಲಗೆ, ಜೇನಿನ ಬಣ್ಣದವು. ಅಂಥ ಹಲಗೆ ಅಂಕೋಲೆಗೆ ಹೋಗಿ ವಾಪಸು ಬರುವಾಗ ಬೇರೆಯೇ ಆಗಿ ಬಂದರೆ ಕೇಳುವವರು ಯಾರು?

ಮರುದಿನ ಅವಳು ಸೊಂಟನೋವು ಮರೆತು ಏಣಿ ಹತ್ತಿದಳು. ಎಲೆಗೆ ಹಚ್ಚುವ ಸುಣ್ಣದಲ್ಲಿ ಒಂದೊಂದು ಹಲಗೆಯ ಕೆಳಮೈಗೂ ಮೂರು ಮೂರು ಬೊಟ್ಟು ಇಟ್ಟಳು. ಇಳಿಯುವಾಗ ಮನಸ್ಸು ಸ್ವಲ್ಪ ಹಗುರಾಗಿತ್ತು.

ಭಾನುವಾರ ಪ್ರಕಾಶ ಆಚಾರಿ ಸ್ಕೂಟರಿನಲ್ಲಿ ಬಂದ. ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಟೇಪು ತೆಗೆದು ಗೋಡೆ ಅಳೆದ. ಆಮೇಲೆ ಹಿತ್ತಿಲಿಗೆ ಹೋಗಿ ಆಳೆತ್ತರ ಮೀರಿದ ಬಿದಿರಿನ ದಬ್ಬೆಯೊಂದನ್ನು ಸೀಳಿ, ನಯ ಮಾಡಿ ತಂದ.

"ಅದೆಂತಕ್ಕೆ?" ಎಂದಳು ಹೊನ್ನಮ್ಮ.

"ಗೋಡೆಗೆ ಟೇಪು ಸಾಕು ಅಮ್ಮ. ಮನುಷ್ಯರಿಗೆ ಕೋಲೇ ಬೇಕು. ಅಂಕಿ ಬರ್ಕಂಡು ಅಂಕೋಲೆಗೆ ಹೋಗೂದ್ರೊಳಗೆ ಮೂವತ್ತೊಂದು ಹದಿಮೂರಾಗಿರ್ತದೆ. ಕೋಲಾದ್ರೆ ಹಾಗಲ್ಲ. ನಮ್ಮಪ್ಪ ಹೀಗೇ ಮಾಡ್ತಿದ್ದ."

ಯಶೋದಾಳನ್ನು ಗೋಡೆಯ ಹತ್ತಿರ ನಿಲ್ಲಿಸಿ, ಹಿಟ್ಟು ನಾದುವ ಹಾಗೆ, ಕಾಯಿ ಹೆರೆಯುವ ಹಾಗೆ ಕೈ ಆಡಿಸಲು ಹೇಳಿದ. ಅವಳ ಮೊಣಕೈ ಎಲ್ಲಿ ಬರುತ್ತದೋ ಅಲ್ಲಿಗೆ ಕೋಲು ಹಿಡಿದು ಉಳಿಯಿಂದ ಒಂದು ಕಚ್ಚು ಹಾಕಿದ. ಕೈ ಮೇಲೆತ್ತಿದಾಗ ಬೆರಳು ತಲುಪುವಲ್ಲಿ ಇನ್ನೊಂದು. ಅಂಕಿಯಿಲ್ಲ, ಅಕ್ಷರವಿಲ್ಲ. ಹೊನ್ನಮ್ಮ ಬಾಗಿಲಲ್ಲಿ ನಿಂತು ನೋಡಿದಳು. ತನ್ನನ್ನು ಯಾರೂ ನಿಲ್ಲು ಅನ್ನಲಿಲ್ಲ ಎಂಬುದನ್ನೂ ಗಮನಿಸಿದಳು.

ಮಧ್ಯಾಹ್ನ ಎಲ್ಲರ ಊಟವಾಯಿತು. ಹೊನ್ನಮ್ಮ ಎಂದಿನಂತೆ ಹಳೆಯ ಅಡುಗೆಮನೆಯ ಮಣೆಯ ಮೇಲೆ ಗೋಡೆಗೊರಗಿ ಕೂತಲ್ಲೇ ತೂಕಡಿಸಿದಳು. ಎಷ್ಟು ಹೊತ್ತಾಯಿತೋ, ಮೈಯ ಹತ್ತಿರ ಯಾರೋ ಉಸಿರಾಡಿದ ಹಾಗಾಯಿತು. ರೆಪ್ಪೆಯನ್ನು ಎಳೆಯಷ್ಟು ತೆರೆದಳು. ಅವಳ ಪಕ್ಕದಲ್ಲಿ ಬಿದಿರಿನ ಕೋಲು ನಿಂತಿತ್ತು. ಯಶೋದಾ ಎರಡು ಕೈಯಲ್ಲಿ ಅದನ್ನು ಹಿಡಿದಿದ್ದಳು. ಆಚಾರಿ ಮಂಡಿಯೂರಿ ಕೂತು, ಸದ್ದಾಗದ ಹಾಗೆ, ಅದಕ್ಕೆ ಕಚ್ಚು ಹಾಕುತ್ತಿದ್ದ. ಒಂದು ಕಚ್ಚು, ಇನ್ನೊಂದು ಕಚ್ಚು. "ಏಳ್ತಾರೆ, ಬೇಗ," ಎಂದು ಯಶೋದಾ ಪಿಸುಗುಟ್ಟಿದಳು.

ಹೊನ್ನಮ್ಮ ಕಣ್ಣು ಮುಚ್ಚಿಕೊಂಡಳು. ಕಣ್ಣು ಮುಚ್ಚಿದವರ ಪಕ್ಕದಲ್ಲಿ ಬಿದಿರು ಹಿಡಿಯುವುದನ್ನು ಅವಳು ಒಮ್ಮೆ ನೋಡಿದ್ದಳು. ಒಂಬತ್ತು ವರ್ಷದ ಹಿಂದೆ, ಇದೇ ಮನೆಯ ಜಗಲಿಯಲ್ಲಿ. ಹುಲಿಯಾನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಕೇರಿಯವರು ಹಸಿ ಬಿದಿರು ತಂದು ಅವನ ಪಕ್ಕಕ್ಕೆ ಹಿಡಿದು, ತಲೆಯ ಹತ್ತಿರ ಒಂದು ಕಚ್ಚು, ಕಾಲಿನ ಹತ್ತಿರ ಒಂದು ಕಚ್ಚು ಹಾಕಿ, ಆ ಅಳತೆಗೆ ಚಟ್ಟಕ್ಕೆ ಕಡಿದಿದ್ದರು. ಉಸಿರಿರುವವರಿಗೆ ಕೋಲು ಹಿಡಿಯಬಾರದು ಎಂದು ಅವಳ ಅವ್ವಿ ಚಿಕ್ಕಂದಿನಲ್ಲೇ ಹೇಳಿದ್ದಳು. ಹಿಡಿದರೆ ಆ ಕೋಲು ದಾರಿ ಕಾಯುತ್ತ ಕೂರುತ್ತದಂತೆ. ಬದುಕಿರುವಾಗಲೇ, ಅದೂ ನಿದ್ದೆಯಲ್ಲಿ, ಸೊಸೆಯೇ ಹಿಡಿದಿದ್ದಾಳೆ. ಅತ್ತೆಗೆ ಗೊತ್ತಾದ್ರೆ ಎಲ್ಲಾ ಕೆಡ್ತದೆ ಅಂದದ್ದು ಇದಕ್ಕೇ.

ಅವರು ಹೋಗುವ ತನಕ ಅವಳು ನಿದ್ದೆಯಲ್ಲಿದ್ದ ಹಾಗೇ ಉಸಿರೆಳೆದಳು.

ಅಷ್ಟುದ್ದದ ಕೋಲು ಸ್ಕೂಟರಿಗೆ ಆಗುವುದಿಲ್ಲ, ನಾಳೆ ಊರಿನ ಜಟ್ಟಪ್ಪನ ಟೆಂಪೋದಲ್ಲಿ ಹಲಗೆಗಳ ಜೊತೆ ಬರಲಿ ಎಂದು ಆಚಾರಿ ಅದನ್ನು ಹೊಸ ಕೋಣೆಯ ಮೂಲೆಗೆ ಒರಗಿಸಿ ಹೋಗಿದ್ದ. ಸೋಮವಾರ ಬೆಳಿಗ್ಗೆ ಮಗ ಸೊಸೆ ಮನೆ ಬಿಟ್ಟ ಕೂಡಲೇ ಹೊನ್ನಮ್ಮ ಅದರ ಮುಂದೆ ಹೋಗಿ ನಿಂತಳು. ಒಂದು ಮಗ್ಗುಲಲ್ಲಿ ಮೇಲೆ ಎರಡು ಕಚ್ಚು, ಅವು ಯಶೋದಾಳವು. ಇನ್ನೊಂದು ಮಗ್ಗುಲಲ್ಲಿ ಕೆಳಗೆ ಎರಡು ಕಚ್ಚು. ಅವು ತನ್ನವು. ಅದನ್ನು ಮುಟ್ಟುವುದಕ್ಕೂ ಕೈ ಹಿಂಜರಿಯಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ಹೊನ್ನಮ್ಮನಿಗೆ ಧೈರ್ಯ ಬರುತ್ತದೆ.

ಕತ್ತಿ ತಂದು, ಕೋಲನ್ನು ಹೊಸ್ತಿಲ ಮೇಲಿಟ್ಟು, ಬುಡದಿಂದ ಸರಿಯಾಗಿ ನಾಲ್ಕು ಬೆರಳು ಬಿಟ್ಟು ಒಂದೇ ಏಟಿಗೆ ಕಡಿದಳು. ಕಚ್ಚುಗಳೆಲ್ಲ ಅಷ್ಟು ಕೆಳಗಿಳಿದವು, ಅಳತೆ ಸುಳ್ಳಾಯಿತು. ಸುಳ್ಳು ಅಳತೆ ಯಾರ ದಾರಿ ಬೇಕಾದರೂ ಕಾಯಲಿ, ತನ್ನದಲ್ಲ. ಹೊಸ ಕಡಿತ ಬೆಳ್ಳಗೆ ಕಾಣುತ್ತಿತ್ತು, ಅದಕ್ಕೆ ಒಲೆಯ ಬೂದಿ, ಅಂಗಳದ ಮಣ್ಣು ಸೇರಿಸಿ ತಿಕ್ಕಿ ಹಳೆಯದು ಮಾಡಿದಳು. ಗುಮಾನಿಯವರಿಗೆ ಇಂಥ ಕೆಲಸ ಯಾರೂ ಕಲಿಸಬೇಕಾಗಿಲ್ಲ.

ಉಳಿದದ್ದು ಕಡಿದ ತುಂಡು. ಒಲೆಗೆ ಹಾಕಲು ಹೋದವಳು ಗಕ್ಕನೆ ಕೈ ಹಿಂದೆ ತೆಗೆದಳು. ತನ್ನ ಅಳತೆಯನ್ನು ತಾನೇ ಬೆಂಕಿಗೆ ಹಾಕುವುದೇ? ಹೊಳೆಗೆ ಬಿಡೋಣವೆಂದರೆ ಹುಲಿಯಾನ ಬೂದಿ ಬಿಟ್ಟದ್ದೂ ಅದೇ ಹೊಳೆಗೆ. ಹೂಳುವ ಮಾತಂತೂ ಬೇಡವೇ ಬೇಡ. ಕೊನೆಗೆ ಅದನ್ನು ಎಲೆಯಡಿಕೆ ಸಂಚಿಯ ಒಳಗೆ, ಸುಣ್ಣದ ಡಬ್ಬಿಯ ಪಕ್ಕ ತುರುಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹತ್ತು ಗಂಟೆಗೆ ಟೆಂಪೋ ಬಂತು. ಹಲಗೆ ಹೋದವು, ಕೋಲೂ ಹೋಯಿತು.

ಮುಂದಿನ ಇಪ್ಪತ್ತು ದಿನ ಅವಳು ಯಶೋದಾಳ ಕೈಯಿಂದ ಚಾ ಇಸಿದುಕೊಂಡು ಮೊದಲು ಮೂಸಿ ನೋಡಿ ಕುಡಿದಳು. ಯಶೋದಾ "ಸೊಂಟಕ್ಕೆ ಎಣ್ಣೆ ಹಚ್ಚಲಾ ಅತ್ತೆ?" ಎಂದರೆ, "ಬೇಡ. ಇನ್ನೆಷ್ಟು ದಿನ," ಎಂದು ಅವಳ ಮುಖವನ್ನೇ ದಿಟ್ಟಿಸಿ ನೋಡುವಳು. ಆ ಮಾತಿಗೆ ಯಶೋದಾಳ ಮುಖದಲ್ಲಿ ಸಂತೋಷ ಕಾಣುತ್ತದೆಯೋ ಎಂದು. ಕಾಣುತ್ತಿರಲಿಲ್ಲ. ಒಳಗೆ ಮುಚ್ಚಿಟ್ಟುಕೊಂಡಿದ್ದಾಳೆ ಎಂದುಕೊಳ್ಳುವಳು. ಹಗಲಿಗೆ ಹತ್ತು ಸಲ ಸಂಚಿಯೊಳಗೆ ಬೆರಳು ಹಾಕಿ ತುಂಡು ಇದೆಯೋ ಎಂದು ಮುಟ್ಟಿ ನೋಡುತ್ತಿದ್ದಳು.

ಮತ್ತೊಂದು ಭಾನುವಾರ ಸಾಮಾನು ಬಂತು. ಆಚಾರಿ ಬೆಳಗಿನಿಂದ ಕೂಡಿಸಿದ. ಸಾಲಾಗಿ ಹಲಸಿನ ಚೌಕಟ್ಟುಗಳು, ಗಟ್ಟಿ ಕಾಲುಗಳ ಮೇಲೆ ನಿಂತವು. ಮೇಲೆ ಹಾಸುವ ಕಲ್ಲು ನಾಳೆ ಬರುವುದಿತ್ತು. ಹೊನ್ನಮ್ಮ ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಒಳಗೆ ಹೋಗಿ, ಕಷ್ಟಪಟ್ಟು ಬಗ್ಗಿ, ಚೌಕಟ್ಟಿನ ಕೆಳಮೈ ನೋಡಿದಳು. ಹತ್ತರಿ ತಾಗದ ಒಳಮಗ್ಗುಲಲ್ಲಿ ಸುಣ್ಣದ ಮೂರು ಬೊಟ್ಟು ಬೆಳ್ಳಗೆ ಕೂತಿದ್ದವು. ಇನ್ನೊಂದರಲ್ಲಿ ನೋಡಿದಳು, ಅದರಲ್ಲೂ ಇದ್ದವು. ಹುಲಿಯಾನ ಹಲಗೆಗಳೇ. ಅವಳಿಗೆ ಸಮಾಧಾನವಾಗಬೇಕಿತ್ತು, ಯಾಕೋ ಕಸಿವಿಸಿಯಾಯಿತು.

"ಅತ್ತೆ, ಬನ್ನಿ ಇಲ್ಲಿ." ಯಶೋದಾ ಬಂದು ಕೈ ಹಿಡಿದಳು. ಮುಖದಲ್ಲಿ ಮಕ್ಕಳ ಮುಂದೆ ಹಾಡು ಹೇಳುವಾಗಿನ ಕಳೆ. ಕಿಟಕಿಯ ಹತ್ತಿರ ಮೂಲೆಗೆ ಕರೆದುಕೊಂಡು ಹೋಗಿ, ಮುಚ್ಚಿದ್ದ ಹಳೆಯ ಸೀರೆ ಎಳೆದಳು.

ಅಲ್ಲಿ ಉಳಿದ ಕಟ್ಟೆಗಿಂತ ತಗ್ಗಿನಲ್ಲಿ ಒಂದು ಸಣ್ಣ ಹಲಗೆಯ ಕಟ್ಟೆಯಿತ್ತು. ಅದರ ಮುಂದೆ ಅಗಲವಾದ, ಬೆನ್ನಿಗೆ ಒರಗು ಇರುವ ಹಲಸಿನ ಮಣೆ. ಬಲಗೈಗೆ ಈಳಿಗೆ ಕೂಡಿಸುವ ಜಾಗ, ಎಡಗೈಗೆ ಎದ್ದೇಳುವಾಗ ಹಿಡಿದುಕೊಳ್ಳುವ ಒಂದು ಗೂಟ. ಕೂತರೆ ಎದುರಿಗೆ ಗಂಗಾವಳಿ.

"ಗ್ಯಾಸಿನ ಒಂದು ಒಲೆ ಇಲ್ಲಿ ಬರ್ತದೆ," ಎಂದಳು ಯಶೋದಾ. "ನಿಮ್ದು. ಕೂತ್ಕಳ್ಳಿ ಅತ್ತೆ, ನೋಡ್ವ."

ಹೊನ್ನಮ್ಮ ಕೂತಳು. ಮಣೆ ತಗ್ಗಾಗಿತ್ತು, ಕೂರುವಾಗ ಸೊಂಟ ಚಳಕ್ಕೆಂದಿತು. ಕಾಲು ಒಳಗೆ ಸರಿಸಿದಳು, ಎರಡೂ ಮಂಡಿ ಹಲಗೆಯ ಅಂಚಿಗೆ ಠಕ್ಕನೆ ಬಡಿದವು. ಇನ್ನೊಮ್ಮೆ ಸರಿಸಿದಳು. ಹೋಗಲಿಲ್ಲ. ಎಷ್ಟು ಕಡಿಮೆ ಬಿದ್ದಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಯಶೋದಾಳ ಮುಖ ಸಪ್ಪಗಾಯಿತು. ತನ್ನ ಕಟ್ಟೆಯ ಮುಂದೆ ಹೋಗಿ ನಿಂತು ಕೈ ಆಡಿಸಿ ನೋಡಿದಳು. ಅವಳೂ ಗೂನು ಬೆನ್ನು ಮಾಡಬೇಕಾಯಿತು. "ನಂಗೂ ಸಲ್ಪ ತಗ್ಗೇ ಆಯ್ತು. ನಂದು ಅಡ್ಡಿಲ್ಲ. ಅತ್ತೇದು ಹೆಂಗೆ ತಪ್ತು ಪ್ರಕಾಶಣ್ಣ?"

ಆಚಾರಿ ಗಡಬಡಿಸಿ ಕೋಲು ತಂದು ಹಲಗೆಗೆ ತಾಗಿಸಿ ನಿಲ್ಲಿಸಿದ. ಕಚ್ಚು ಹಲಗೆಯ ಅಂಚಿಗೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಯಶೋದಾಳ ಕಟ್ಟೆಗೆ ಹಿಡಿದ, ಅದೂ ಸರಿ. ಅವನು ಕೋಲನ್ನೇ ನೋಡುತ್ತ ನಿಂತುಬಿಟ್ಟ. "ಕೋಲಿಗೆ ಎಲ್ಲಾ ಸರಿ ಅದೆ. ಹ್ಯಾಂಗಾರೆ ಆ ದಿನ ನಾನೇ ಕಚ್ಚು ತಪ್ಪು ಹಾಕಿದ್ದು. ಮೂವತ್ತು ವರ್ಷದಲ್ಲಿ ಹೀಗೆ ಆದದ್ದಿಲ್ಲ. ನನ್ನ ಕಣ್ಣೇ ಹೋಯ್ತನಾ ಹಂಗಾದ್ರೆ?"

"ಅದಕ್ಕೇ ಕಾರವಾರದ್ದು ಮಾಡ್ಸ್ವ ಅಂದದ್ದು ನಾನು," ಎಂದ ನಾಗೇಶ ಸಿಟ್ಟಿನಿಂದ. "ಕಂಪ್ಯೂಟರಿನ ಅಳತೆ ಬಿಟ್ಟು ಬಿದಿರು ಹಿಡ್ಕಂಡು ಕೂತ್ರೆ ಹೀಗೇ ಆಗೂದು. ಇದೆಲ್ಲ ಕಿತ್ತು ತಗೊಂಡ್ಹೋಗಿ ಆಚಾರ್ರೆ. ನಾ ನಾಳೆನೇ ಆ ಹುಡುಗಿಗೆ ಫೋನ್ ಮಾಡ್ತೆ."

"ಮಾಡಿ ಎಂತ ಮಾಡ್ತ್ರಿ?" ಎಂದಳು ಯಶೋದಾ. "ನಾ ಆ ಹುಡುಗಿ ಹತ್ರ ಫೋನಲ್ಲಿ ಮೂರು ಸಲ ಕೇಳಿದೆ. ಅತ್ತೆ ಕೂತ್ಕಳೂಕೆ ಒಂದು ತಗ್ಗು ಕಟ್ಟೆ ಮಾಡಿಕೊಡಿ ಅಂತ. ಅಂಥಾ ಸೈಜು ಬರೂದೇ ಇಲ್ಲ ಅಂದ್ಲು. ಅದಕ್ಕೇ ನಾ ಮಾಡ್ಯುಲರ್ ಬೇಡ ಅಂದದ್ದು. ಇಲ್ಲಾದ್ರೆ ನಂಗೆ ಅದು ಬೇಡಾಗಿತ್ತಾ?"

ಹೊನ್ನಮ್ಮ ತಗ್ಗು ಮಣೆಯಲ್ಲಿ ಹಾಗೇ ಕೂತಿದ್ದಳು, ಮಂಡಿ ಹಲಗೆಗೆ ಒತ್ತಿಕೊಂಡು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪು ಆಚಾರಿಯ ತಲೆಗೆ ಹೋಗುತ್ತದೆ. ಹಲಗೆಗಳು ಟೆಂಪೋ ಹತ್ತುತ್ತವೆ. ಕಾರವಾರದ ಚಿತ್ರದ ಅಡುಗೆಮನೆ ಬರುತ್ತದೆ, ತನಗೆ ಜಗಲಿ. ಮಾತಾಡಿದರೆ ಮಗನ ಎದುರು, ಸೊಸೆಯ ಎದುರು, ಅವಳ ತವರಿನವನ ಎದುರು ಮರ್ಯಾದೆ ಹೋಗುತ್ತದೆ. ಅವಳು ಸಂಚಿ ತೆಗೆದಳು. ಎಲ್ಲರೂ ಎಲೆ ಹಾಕುತ್ತಾಳೆ ಎಂದುಕೊಂಡರು. ಅವಳು ಸುಣ್ಣ ಮೆತ್ತಿದ ಬಿದಿರಿನ ತುಂಡನ್ನು ತೆಗೆದು ಹಲಗೆಯ ಮೇಲಿಟ್ಟಳು.

ಆಚಾರಿ ಅದನ್ನೆತ್ತಿ ಕೋಲಿನ ಬುಡಕ್ಕೆ ಹಿಡಿದ. ಎರಡೂ ಒಂದಾದವು.

"ನೀ ನಿದ್ದೇಲಿ ನಂಗೆ ಬಿದಿರು ಹಿಡ್ದೆ," ಎಂದಳು ಹೊನ್ನಮ್ಮ ಯಶೋದಾಳಿಗೆ. ಗಟ್ಟಿಯಾಗಿ ಹೇಳಬೇಕೆಂದುಕೊಂಡದ್ದು, ಸಣ್ಣದಾಗಿ ಬಂತು. "ನಾ ನೋಡ್ದೆ. ನಮ್ಮಲ್ಲಿ ಯಾವಾಗ ಹಿಡೀತ್ರು ಅಂತ ಗೊತ್ತಿಲ್ವಾ ನಿಂಗೆ?"

ಯಶೋದಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಗೋಡೆ ಹಿಡಿದುಕೊಂಡಳು. "ಅಯ್ಯೋ ಅತ್ತೆ. ನಿಮ್ಮ ಚಟ್ಟದ ಅಳತೆ ತೆಗೀತೆ ಅಂದ್ಕಂಡ್ರಾ? ನಾನು?"

ಇಪ್ಪತ್ತು ದಿನ ಮೂಸಿ ಕುಡಿದ ಚಾ ನೆನಪಾಗಿ ಹೊನ್ನಮ್ಮನಿಗೆ ನಾಚಿಕೆಯಾಯಿತು. ಸೊಸೆ ಅಳುತ್ತಿದ್ದಳು, ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳದೆ, ಎಲ್ಲರಿಗೂ ಕಾಣುವ ಹಾಗೆ.

"ಎಚ್ಚರ ಇದ್ದಾಗ ಕೇಳಿದ್ರೆ ನೀವು ಎಂತ ಹೇಳ್ತಿದ್ರಿ?" ಎಂದಳು ಅವಳು ಅಳುತ್ತಲೇ. "ಬೇಡ, ಇನ್ನೆಷ್ಟು ದಿನ ಅಂತಿದ್ರಿ. ಮಂಚದಂಗೆ ಇದನ್ನೂ ವಾಪಸ್ ಕಳಿಸ್ತಿದ್ರಿ. ಮಾಡಿ ಆದ್ಮೇಲೆ ಕಳಿಸೂಕಾಗೂದಿಲ್ಲ ಅಂತ ಗುಟ್ಟಲ್ಲಿ ಮಾಡ್ಸಿದ್ದು."

ಆಚಾರಿ ದೊಡ್ಡದಾಗಿ ಉಸಿರು ಬಿಟ್ಟ, ಅವನ ಕಣ್ಣು ಅವನಿಗೆ ವಾಪಸು ಸಿಕ್ಕಿತ್ತು. "ಕಲ್ಲು ಕೂತಿಲ್ಲವಲ್ಲ, ದೊಡ್ಡ ಮಾತಲ್ಲ ಇದು," ಎಂದ. "ಕಾಲಿನ ಕೆಳಗೆಲ್ಲ ಹಲಸಿನ ತುಂಡು ಕೊಟ್ಟು ಎತ್ತರಿಸ್ತೆ. ಆದ್ರೆ ಕಡಿದ ಕೋಲಿನಲ್ಲಿ ನಾ ಮತ್ತೆ ಕೆಲಸ ಮಾಡೂದಿಲ್ಲ. ಹೊಸಾದು ಬೇಕು. ಅಳತೆ ಮತ್ತೆ ತೆಗೀಬೇಕು."

ಹಿತ್ತಿಲಿಗೆ ಹೋಗಿ ಹೊಸ ದಬ್ಬೆ ಸೀಳಿ ತಂದ. ಯಶೋದಾ ಕಣ್ಣೊರೆಸಿಕೊಂಡು ನಿಂತಳು, ಅವಳದ್ದು ಆಯಿತು. ಆಮೇಲೆ ಹೊನ್ನಮ್ಮನ ಸರದಿ. ಆಚಾರಿ ಕೋಲನ್ನು ಬೆನ್ನ ಹಿಂದೆ ಹಿಡಿದುಕೊಂಡು ನೆಲ ನೋಡಿದ. ನಾಗೇಶ, "ಅವ್ವೀದು ಹೋಗ್ಲಿ, ಹಳೇ ಅಳತೆಗೇ ನಾಲ್ಕು ಬೆರಳು ಸೇರಿಸಿಬಿಡಿ," ಎಂದ.

"ಸೇರಿಸೂದು ಬೇಡ," ಎಂದಳು ಹೊನ್ನಮ್ಮ. ಗೂಟ ಹಿಡಿದು ಎದ್ದು, ಹಳೆಯ ಅಡುಗೆಮನೆಯಿಂದ ತನ್ನ ಮಣೆ ತರಿಸಿ, ಅದರ ಮೇಲೆ ಬೆನ್ನು ಸರಿಮಾಡಿ ಕೂತಳು. "ಯಶೋದಾ, ನೀನೇ ಹಿಡಿ. ನಾ ಕಣ್ಣು ಬಿಟ್ಕಂಡೇ ಇರ್ತೆ."

ಯಶೋದಾ ಹತ್ತಿರ ಬಂದು ಮಂಡಿಯೂರಿದಳು. ಕೋಲನ್ನು ಅತ್ತೆಯ ಪಕ್ಕಕ್ಕೆ ನೆಟ್ಟಗೆ ಹಿಡಿದಳು. ಹೊನ್ನಮ್ಮ ರೆಪ್ಪೆ ಹಾಕಲಿಲ್ಲ. ಆಚಾರಿ ಮೊದಲು ಮಣೆಯ ಎತ್ತರಕ್ಕೆ, ಆಮೇಲೆ ಮಂಡಿಯ ಎತ್ತರಕ್ಕೆ ಉಳಿ ಇಟ್ಟು ಸುತ್ತಿಗೆ ಎತ್ತಿದ.

"ತಡಿ," ಎಂದಳು ಹೊನ್ನಮ್ಮ. ಬಗ್ಗಿ, ಉಳಿ ಎಲ್ಲಿ ಕೂತಿದೆಯೆಂದು ಬೆರಳಿಟ್ಟು ನೋಡಿದಳು. ನಂಬಿಕೆ ಸಾಲದೆ ಇನ್ನೊಮ್ಮೆ ನೋಡಿದಳು. "ಎರಡೂ ಒಂದೊಂದು ಬೆರಳು ಮೇಲೆ ಹಾಕು. ಹತ್ತು ವರ್ಷ ಆದ್ಮೇಲೆ ನನ್ನ ಕಾಲು ಇಷ್ಟು ಮಡಚೂದಿಲ್ಲ."